ಹೊಟ್ಟೆ ಬಾಂಬರಿನದು, ಮೂತಿ ಫೈಟರಿನದು

ಈ ಸಲ ಒಂದೇ ವಿಮಾನದ ಬಗ್ಗೆ ಐದು ಪ್ರಶ್ನೆ ಬಂದಿವೆ. ವಾರ್ ಥಂಡರ್ ಗೇಮಿನಲ್ಲಿ ಸಿಗುವ ಪೆ-3, ಎರಡನೇ ಮಹಾಯುದ್ಧದ ಕಾಲದ ಸೋವಿಯತ್ ಒಕ್ಕೂಟದ ಎರಡು ಎಂಜಿನ್ ಫೈಟರ್. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇದನ್ನೇ ಹಿಡಿದು ಕೂತಿದ್ದೇನೆ, ಬೇರೆಯವರು ಬೈಯಬೇಡಿ.

ಪ್ರಶ್ನೆ: ತಿಂಗಳಿಡೀ ಆಡಿ ಪೆ-3 ಅನ್‌ಲಾಕ್ ಮಾಡಿಕೊಂಡೆ. ಹೆಸರಿಗೆ ಫೈಟರ್, ಆದರೆ ಮೆಸರ್‌ಷ್ಮಿಟ್ 109 (ಜರ್ಮನಿಯ ಫೈಟರ್) ಹಿಂದೆ ಬಿದ್ದರೆ ಎರಡೇ ಸುತ್ತಿಗೆ ನನ್ನ ಕಥೆ ಮುಗಿಯುತ್ತದೆ. ತಪ್ಪು ನನ್ನದಾ, ವಿಮಾನದ್ದಾ? (ದಾವಣಗೆರೆಯಿಂದ)

ಸುತ್ತಲು ಹೋಗಿದ್ದು ನಿಮ್ಮ ತಪ್ಪು. ಸುತ್ತದಿರುವುದು ಅದರ ಹುಟ್ಟುಗುಣ.

109ರ ರೆಕ್ಕೆ ಈ ತುದಿಯಿಂದ ಆ ತುದಿಗೆ ಸುಮಾರು 10 ಮೀಟರ್, ತೂಕ 3 ಟನ್ನಿನ ಆಸುಪಾಸು. ಪೆ-3ಕ್ಕೆ 17 ಮೀಟರ್ ರೆಕ್ಕೆ, ತೂಕ 8 ಟನ್ನಿಗೆ ಹತ್ತಿರ. ಸಾಲದ್ದಕ್ಕೆ ಎರಡು ಎಂಜಿನ್ನೂ ರೆಕ್ಕೆಯಲ್ಲಿ ಕೂತಿವೆ, ಮೈಯಿಂದ ದೂರ. ತಲೆ ಮೇಲೆ ಒಂದು ಕೊಡ ಹೊತ್ತವರು ಥಟ್ಟನೆ ತಿರುಗಬಹುದು, ಹೆಗಲಿಗೆ ಅಡ್ಡೆ ಹಾಕಿ ಎರಡೂ ಕಡೆ ಕೊಡ ತೂಗಿಸಿಕೊಂಡವರು ತಿರುಗಿ ನೋಡಲಿ, ಗೊತ್ತಾಗುತ್ತದೆ. ನೀವು ಮೌಸ್ ಎಳೆದ ಮೇಲೂ ಅದು ಯೋಚನೆ ಮಾಡುತ್ತಾ ನಿಧಾನವಾಗಿ ಮಗ್ಗುಲಾಗುತ್ತದಲ್ಲ, ಕಾರಣ ಇದೇ.

ಓಡಿ ತಪ್ಪಿಸಿಕೊಳ್ಳೋಣ ಅಂದರೆ ಅದೂ ಕಷ್ಟ. ಪೆ-3ರ ಗರಿಷ್ಠ ವೇಗ 5000 ಮೀಟರ್ ಎತ್ತರದಲ್ಲಿ ಗಂಟೆಗೆ 530 ಕಿ.ಮೀ. ಅದೇ ಕಾಲದ 109 ಎಫ್ ಮಾದರಿ 600ರ ಹತ್ತಿರ ಹೋಗುತ್ತಿತ್ತು. ಆ 5000 ಮೀಟರ್ ಏರುವುದಕ್ಕೇ ಪೆ-3ಕ್ಕೆ ಸುಮಾರು 9 ನಿಮಿಷ ಬೇಕಿತ್ತು.

ಹಾಗಾದರೆ ಏನು ಮಾಡಬೇಕು? ಮ್ಯಾಚ್ ಶುರುವಾದ ಕೂಡಲೇ ಎಲ್ಲರೂ ಜಾತ್ರೆಗೆ ನುಗ್ಗುವ ಹಾಗೆ ನಡುವಿಗೆ ನುಗ್ಗುತ್ತಾರೆ. ನೀವು ಮ್ಯಾಪಿನ ಅಂಚಿಗೆ ಸರಿದು ಸುಮ್ನೆ ಏರುತ್ತಾ ಇರಿ. ಬೇಜಾರಾಗುತ್ತದೆ, ನಿಜ, ನಾನು ಆ ಹೊತ್ತಿನಲ್ಲಿ ಕಾಫಿ ಕುಡಿದು ಮುಗಿಸುತ್ತೇನೆ. ಆಮೇಲೆ ಕೆಳಗೆ ನೋಡಿ. 109 ಬೇಡ. ಯುಂಕರ್ಸ್ 88, ಹೈಂಕೆಲ್ 111 ಥರದ ಬಾಂಬರ್ ಹುಡುಕಿ. ಮೇಲಿಂದ ಇಳಿಯಿರಿ, ಒಂದೇ ಸಲ ಹತ್ತಿರದಿಂದ ಹೊಡೆಯಿರಿ, ಬಿತ್ತೋ ಇಲ್ಲವೋ ತಿರುಗಿ ನೋಡದೆ ಬಂದ ವೇಗದಲ್ಲೇ ನೇರ ಮುಂದಕ್ಕೆ ಹೋಗಿ. ಆ ತಿರುಗಿ ನೋಡುವ ಆಸೆಯಿಂದಲೇ ನಾನು ಮೊದಲ ವಾರ ದಿನಾ ಸತ್ತಿದ್ದು. ಒಂದು ಹೈಂಕೆಲ್ಲಿನ ಎಂಜಿನ್ ಹೊಗೆ ಬಿಡುತ್ತಿತ್ತು, ಇನ್ನೊಂದೇ ಏಟು ಅಂತ ತಿರುಗಿಸಿದೆ, ಅರ್ಧ ಸುತ್ತು ಆಗುವಷ್ಟರಲ್ಲಿ ವೇಗವೆಲ್ಲ ಇಳಿದು ತೂಗಾಡುತ್ತಾ ನಿಂತಿದ್ದೆ, ಅದರ ಗನ್ನರ್ ಆರಾಮಾಗಿ ಗುರಿಯಿಟ್ಟು ನನ್ನ ಎಡಗಡೆ ಎಂಜಿನ್ ಸುಟ್ಟ.

ಇನ್ನೆರಡು ಮಾತು. ಹಾರುವ ಮುಂಚೆ ಇಂಧನ ಎಷ್ಟು ಬೇಕು ಅಂತ ಕೇಳುತ್ತದಲ್ಲ, ಅಲ್ಲಿ ತೀರಾ ಕಡಿಮೆ ಇರುವುದನ್ನು ಆರಿಸಿ. ನಿಜವಾದ ಪೆ-3 ಎರಡು ಸಾವಿರ ಕಿ.ಮೀ.ಗಿಂತ ಜಾಸ್ತಿ ಹಾರಲೆಂದು ಮಾಡಿದ್ದು, ನಿಮ್ಮ ಮ್ಯಾಚ್ ಹೆಚ್ಚಾಗಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಅಷ್ಟು ಪೆಟ್ರೋಲ್ ಹೊತ್ತುಕೊಂಡು ಎಲ್ಲಿಗೆ ಹೋಗುತ್ತೀರಿ? ಎರಡನೆಯದು, ಹಿಂದೆ ಕೂತ ನ್ಯಾವಿಗೇಟರ್ ಕೈಯಲ್ಲಿ ಒಂದು ಗನ್ ಇದೆ ಅಂತ ನೆಮ್ಮದಿಯಾಗಿರಬೇಡಿ. ಅದು ಮೇಲಿನ ಕಡೆಗೆ ಮಾತ್ರ. ಹೊಟ್ಟೆಯ ಕೆಳಗಿನಿಂದ ಬಂದವನು ಅವನಿಗೆ ಕಾಣುವುದೇ ಇಲ್ಲ.

ಪ್ರಶ್ನೆ: ಈ ವಿಮಾನವನ್ನು ನಾಲ್ಕೇ ದಿನದಲ್ಲಿ ಮಾಡಿದರಂತೆ, ಡಿಸೈನ್ ಮಾಡಿದವರು ಜೈಲಿನಲ್ಲಿದ್ದರಂತೆ. ನಿಜವೋ, ಗೇಮ್ ಆಡುವವರು ಕಟ್ಟಿದ ಕಥೆಯೋ? (ಧಾರವಾಡದಿಂದ)

ಎರಡೂ ನಿಜ, ಆದರೆ ಒಂದೇ ಹೊತ್ತಿನಲ್ಲಿ ಅಲ್ಲ.

ಡಿಸೈನ್ ಮಾಡಿದ ವ್ಲಾದಿಮಿರ್ ಪೆಟ್ಲ್ಯಾಕೋವ್ ಅವರನ್ನು 1937ರಲ್ಲಿ ಬಂಧಿಸಿದರು. ಸ್ಟಾಲಿನ್ ಕಾಲದಲ್ಲಿ ಕೈದಿ ಎಂಜಿನಿಯರ್‌ಗಳನ್ನು ಸುಮ್ನೆ ಕೂರಿಸುತ್ತಿರಲಿಲ್ಲ. ಕಾವಲಿನಲ್ಲಿಟ್ಟೇ ಡ್ರಾಯಿಂಗ್ ಬೋರ್ಡ್ ಮುಂದೆ ನಿಲ್ಲಿಸುತ್ತಿದ್ದರು. ಅಲ್ಲಿ ಅವರ ತಂಡ ಮಾಡಿದ್ದು ವಿಐ-100 ಅನ್ನುವ ಎತ್ತರದಲ್ಲಿ ಹಾರುವ ಫೈಟರ್. ಗಾಳಿ ತುಂಬಿದ ಬಿಗಿ ಕ್ಯಾಬಿನ್, ಟರ್ಬೊ, ಎಲ್ಲ ಇತ್ತು. 1939ರ ಡಿಸೆಂಬರ್ 22ರಂದು ಮೊದಲ ಸಲ ಹಾರಿತು. ಅಷ್ಟರಲ್ಲಿ ಮೇಲಿನವರ ಮನಸ್ಸು ಬದಲಾಯಿತು. ಫೈಟರ್ ಬೇಡ, ಇದನ್ನೇ ಡೈವ್ ಬಾಂಬರ್ (ಕಡಿದಾಗಿ ಕೆಳಗೆ ಎರಗಿ ಬಾಂಬ್ ಹಾಕುವ ವಿಮಾನ) ಮಾಡಿಕೊಡಿ ಅಂದರು, ಅದಕ್ಕೆ ಕೊಟ್ಟಿದ್ದು ಒಂದೂವರೆ ತಿಂಗಳು. ಹಾಗೆ ಹುಟ್ಟಿದ್ದು ಪೆ-2. ಪೆಟ್ಲ್ಯಾಕೋವ್ ಬಿಡುಗಡೆಯಾಗಿದ್ದು 1940ರಲ್ಲಿ.

1941ರ ಜೂನ್ 22ಕ್ಕೆ ಜರ್ಮನಿ ಮೇಲೆ ಬಿತ್ತು, ಜುಲೈನಲ್ಲಿ ಮಾಸ್ಕೋ ಮೇಲೆ ಬಾಂಬ್ ಬೀಳಲು ಶುರುವಾಯಿತು. ಆಗ ಮತ್ತೆ ನೆನಪಾಯಿತು, ನಮಗೆ ದೂರ ಹಾರುವ ಫೈಟರ್ ಬೇಕಲ್ಲ ಅಂತ. ಆಗಸ್ಟ್ 2ರಂದು ಮಾಸ್ಕೋದ 39ನೇ ನಂಬರ್ ಕಾರ್ಖಾನೆಗೆ ಹುಕುಂ ಬಂತು: ಪೆ-2ವನ್ನು ಫೈಟರ್ ಮಾಡಿ, 6ನೇ ತಾರೀಖಿನೊಳಗೆ. ಪಂಚೆ ಕತ್ತರಿಸಿ ಚೀಲ ಹೊಲಿದವರಿಗೆ ಈಗ ಚೀಲ ಬಿಚ್ಚಿ ಪಂಚೆ ಕೊಡಿ ಅಂದ ಹಾಗೆ! ಆದರೂ ಆಗಸ್ಟ್ ಮೊದಲ ವಾರದಲ್ಲೇ ವಿಮಾನ ಹಾರಿತು.

ನಾಲ್ಕು ದಿನದಲ್ಲಿ ಏನು ಮಾಡಬಹುದೋ ಅಷ್ಟೇ ಮಾಡಿದ್ದರು. ಪೆ-2ರಲ್ಲಿ ಕೂರುತ್ತಿದ್ದ ಮೂರನೆಯವನ, ಅಂದರೆ ಕೆಳಗಡೆ ಕಾಯುವ ಗನ್ನರನ ಜಾಗ ಖಾಲಿ ಮಾಡಿಸಿ ಅಲ್ಲಿ ಇಂಧನದ ಟ್ಯಾಂಕ್ ಇಟ್ಟರು, ಬಾಂಬ್ ಇಡುವ ಗೂಡಿನಲ್ಲಿ ಇನ್ನೊಂದು ಟ್ಯಾಂಕ್, ಮೂತಿಯಲ್ಲಿ ಗನ್ ಜಾಸ್ತಿ ಮಾಡಿದರು. ಹೊಟ್ಟೆಯ ಕೆಳಗೆ ಕಾಯುವವರಿಲ್ಲ ಅಂದೆನಲ್ಲ, ಅವನು ಇಳಿದುಹೋಗಿದ್ದು ಆ ವಾರವೇ. ಬಾಂಬರಿನ ದೊಡ್ಡ ರೇಡಿಯೊ ತೆಗೆದು ಸಣ್ಣ ಫೈಟರ್‌ಗಳಲ್ಲಿರುವ ರೇಡಿಯೊ ಹಾಕಿದರು, ಅದು ನನಗೆ ಅರ್ಥವೇ ಆಗದ ನಿರ್ಧಾರ. ಸಾವಿರಾರು ಕಿ.ಮೀ. ಹೋಗುವ ವಿಮಾನ, ಸ್ವಲ್ಪ ದೂರ ಹೋದರೆ ನೆಲದವರ ಮಾತೇ ಕೇಳಿಸದು.

ಪೆಟ್ಲ್ಯಾಕೋವ್ ಜಾಸ್ತಿ ದಿನ ಬದುಕಲಿಲ್ಲ. 1942ರ ಜನವರಿ 12ರಂದು ಕಜಾನಿನಿಂದ ಮಾಸ್ಕೋಗೆ ಹೊರಟಿದ್ದರು, ದಾರಿಯಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅವರು ಕೂತಿದ್ದು ಅವರದೇ ಪೆ-2ರಲ್ಲಿ.

ಪ್ರಶ್ನೆ: ಪೆ-3 ಮತ್ತು ಪೆ-3 ಬಿಸ್, ಯಾವುದಕ್ಕೆ ಪಾಯಿಂಟ್ಸ್ ಸುರಿಯಲಿ? (ಕುಂದಾಪುರದಿಂದ)

ಬಿಸ್‌ಗೆ. ಕಣ್ಣು ಮುಚ್ಚಿ.

ಮೊದಲ ಪೆ-3 ಹಾರಿಸಿದ 95ನೇ ರೆಜಿಮೆಂಟಿನ ಪೈಲಟ್‌ಗಳೇ ದೂರು ಕೊಟ್ಟಿದ್ದರು: ಎದುರಿನಿಂದ ಬರುವ ಗುಂಡಿಗೆ ತಡೆಯಿಲ್ಲ, ಮೂತಿಯಲ್ಲಿ ಫಿರಂಗಿ ಬೇಕು, ಹಿಂದಿನ ಗನ್ ಚಿಕ್ಕದಾಯಿತು. ಅದನ್ನೆಲ್ಲ ಕೇಳಿ ಮಾಡಿದ್ದು ಬಿಸ್. ಎರಡು 12.7 ಮಿ.ಮೀ. ಮಷೀನ್ ಗನ್ ಜೊತೆ ಒಂದು 20 ಮಿ.ಮೀ. ಶ್ವಾಕ್ ಫಿರಂಗಿ ಬಂತು, ಹಿಂದಿನ ಗನ್ನೂ 12.7 ಆಯಿತು, ಪೈಲಟ್ ಮುಂದೆ ಉಕ್ಕಿನ ತಗಡು ಬಂತು. ಗೇಮಿನಲ್ಲಿ ಆ ಒಂದು ಫಿರಂಗಿಯ ವ್ಯತ್ಯಾಸ ಮೊದಲ ಏಟಿಗೇ ಗೊತ್ತಾಗುತ್ತದೆ. ಗನ್‌ಗಳೆಲ್ಲ ನಡುವಿನಲ್ಲೇ ಇರುವುದರಿಂದ, ರೆಕ್ಕೆಯಲ್ಲಿ ಗನ್ ಇರುವ ವಿಮಾನಗಳ ಹಾಗೆ ಗುಂಡು ಎಷ್ಟು ದೂರದಲ್ಲಿ ಸೇರಬೇಕು ಅನ್ನುವ ಸೆಟ್ಟಿಂಗಿಗೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಇಳಿಸುವಾಗ ನನ್ನ ಪೆ-3 ಚೆಂಡಿನ ಹಾಗೆ ಪುಟಿಯುತ್ತದೆ. ಏನು ಮಾಡಲಿ? (ಮೈಸೂರಿನಿಂದ)

ಒಳ್ಳೆಯ ಜೊತೆ ಸಿಕ್ಕಿದೆ ನಿಮಗೆ. ಪೆ-2 ಕುಟುಂಬದ ವಿಮಾನಗಳು ಇಳಿಯುವಾಗ ಪುಟಿಯುವುದಕ್ಕೆ ಹೆಸರುವಾಸಿ. ಹೀಗೆ ಪುಟಿಯುವುದಕ್ಕೆ ರಷ್ಯನ್ ಪೈಲಟ್‌ಗಳು ‘ಕೊಜ್ಯೋಲ್’ ಅನ್ನುತ್ತಾರೆ, ಅಂದರೆ ಹೋತ. ರನ್‌ವೇ ಕಂಡ ಕೂಡಲೇ ಎಂಜಿನ್ ಪೂರ್ತಿ ಇಳಿಸಬೇಡಿ, ಹಾಗೆ ಮಾಡಿದರೆ ಕಲ್ಲಿನ ಹಾಗೆ ಬೀಳುತ್ತದೆ. ಚಕ್ರ ಮುಟ್ಟುವವರೆಗೂ ಸ್ವಲ್ಪ ಪವರ್ ಇರಲಿ. ಪುಟಿದರೆ ಮೂತಿ ಒತ್ತಬೇಡಿ, ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಓದುವ ನನ್ನ ಮಗ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ‘ಪೇಷ್ಕಾ, ಪೇಷ್ಕಾ’ ಅಂತ ಕೂಗುತ್ತಾನೆ. ಯಾರದು? ದುಡ್ಡು ಕಟ್ಟುವ ಆಟವಾ ಇದು? (ತುಮಕೂರಿನಿಂದ, ಒಬ್ಬ ತಾಯಿ)

ಗಾಬರಿಯಾಗಬೇಡಿ ಮೇಡಂ, ಹುಡುಗಿ ಅಲ್ಲ. ಪೆ-2ಕ್ಕೆ ಸೋವಿಯತ್ ಸೈನಿಕರು ಇಟ್ಟ ಅಡ್ಡಹೆಸರು ಅದು. ರಷ್ಯನ್ ಭಾಷೆಯಲ್ಲಿ ಪೇಷ್ಕಾ ಅಂದರೆ ಚದುರಂಗದ ಕಾಲಾಳು. ಆಟ ಪುಕ್ಕಟೆ, ಆದರೆ ಬೇಗ ಮುಂದೆ ಹೋಗಬೇಕು ಅನ್ನುವವರಿಗೆ ‘ಗೋಲ್ಡನ್ ಈಗಲ್ಸ್’ ಅಂತ ದುಡ್ಡು ಕೊಟ್ಟು ಕೊಳ್ಳುವ ನಾಣ್ಯ ಇದೆ. ನಿಮ್ಮ ಫೋನಿನ ಯುಪಿಐ ಪಿನ್ ಅವನಿಗೆ ಗೊತ್ತಿದೆಯಾ ಅಂತ ಮೊದಲು ನೋಡಿಕೊಳ್ಳಿ. ಅವನು ಇನ್ನೂ ಮೊದಲ ಪೆ-3ರಲ್ಲೇ ಒದ್ದಾಡುತ್ತಿದ್ದರೆ, ಕುಂದಾಪುರದವರಿಗೆ ಕೊಟ್ಟ ಉತ್ತರ ತೋರಿಸಿ.