ಬ್ಯಾಂಡ್ ಬಾರದ ಆರು ವಾರ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಯುರೋಪಿನ ವಿಶ್ವವಿದ್ಯಾಲಯವೊಂದರಲ್ಲಿ ಪರಿಸರ ಸೂಕ್ಷ್ಮಜೀವಿ ವಿಜ್ಞಾನ ಓದುತ್ತಿದ್ದಾಕೆ, ಸ್ನಾತಕೋತ್ತರದ ಕೊನೆಯ ಸೆಮಿಸ್ಟರ್. ಮೂರು ಜೌಗು ನೆಲಗಳಿಂದ ತಲಾ ಹತ್ತರಂತೆ 30 ಮಣ್ಣಿನ ಮಾದರಿ ತಂದು ಡಿಎನ್‌ಎ ತೆಗೆದಿದ್ದಳು. ಆರು ವಾರವಾದರೂ ಪಿಸಿಆರ್‌ನಲ್ಲಿ (ಡಿಎನ್‌ಎಯ ತುಣುಕೊಂದನ್ನು ಅನೇಕ ಪಟ್ಟು ನಕಲಿಸುವ ವಿಧಾನ) ಬ್ಯಾಂಡ್, ಅಂದರೆ ನಕಲಾಗಿದೆ ಎಂದು ಜೆಲ್ ಮೇಲೆ ತೋರಿಸುವ ಗೆರೆ, ಕಾಣಲಿಲ್ಲ. ಗೈಡ್ ಎದುರಾಗದಿರಲೆಂದು ರಾತ್ರಿ ಲ್ಯಾಬಿಗೆ ಹೋಗುತ್ತಿದ್ದಳು, ಅವರ ಮೇಲ್‌ ತೆರೆಯುತ್ತಿರಲಿಲ್ಲ, ನಿದ್ದೆ ನಾಲ್ಕು ಗಂಟೆ. “ನನ್ನ ಕೈಗುಣವೇ ಸರಿಯಿಲ್ಲ, ಬಿಟ್ಟು ಬರ್ತೀನಿ” ಎಂಬುದೇ ಮೊದಲ ಮಾತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಲಾಯಿತು. ಇಲ್ಲ ಎಂದಳು. (ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಅಂಜಿಕೆಗೆ ಆಧಾರವಿಲ್ಲ.)

ಸಮಾಧಾನ ಹೇಳುವ ಮೊದಲು ಲ್ಯಾಬ್ ಪುಸ್ತಕ ತೆರೆಸಿದ್ದು ಒಳ್ಳೆಯದಾಯಿತು. ಜೌಗು ಮಣ್ಣಿನಲ್ಲಿ ಕೊಳೆತ ಸಸ್ಯಗಳಿಂದ ಬರುವ ಹ್ಯೂಮಿಕ್ ಆಮ್ಲ ಹೇರಳ. ಅದು ಡಿಎನ್‌ಎ ಜೊತೆಗೇ ಉಳಿದುಕೊಂಡು ನಕಲು ಮಾಡುವ ಪಾಲಿಮರೇಸ್ ಕಿಣ್ವವನ್ನು ಕೆಲಸ ಮಾಡಗೊಡುವುದಿಲ್ಲ. ಆಕೆಯ ದ್ರಾವಣ ಆ ಆಮ್ಲದ ಕಂದು ಬಣ್ಣಕ್ಕೆ ತಿರುಗಿತ್ತು. ಡಿಎನ್‌ಎ ಎಷ್ಟು ಶುದ್ಧವೆಂದು ತೋರಿಸುವ, 2ರ ಆಸುಪಾಸಿನಲ್ಲಿರಬೇಕಾದ 260/230 ಅನುಪಾತ 0.6 ಇತ್ತು. ಬ್ಯಾಂಡ್ ಬರಲಿಲ್ಲವೆಂದು ಪ್ರತಿ ಸಲವೂ ಇನ್ನಷ್ಟು ಡಿಎನ್‌ಎ ಹಾಕಿದ್ದಳು, ಜೊತೆಗೆ ಆಮ್ಲವೂ ಹೆಚ್ಚಿತು. ಕೊಟ್ಟ ಸಲಹೆ: ಹತ್ತು ಪಟ್ಟು, ನೂರು ಪಟ್ಟು ತೆಳುಮಾಡಿ ನೋಡು, ಆಮ್ಲವನ್ನು ಹಿಡಿದಿಡುವ ಬಿಎಸ್‌ಎ ಪ್ರೋಟೀನ್ ಸೇರಿಸು, ಖಂಡಿತ ಬ್ಯಾಂಡ್ ಕೊಡುವ ಡಿಎನ್‌ಎಯನ್ನು ಈ ದ್ರಾವಣಕ್ಕೆ ಬೆರೆಸಿ ಇನ್ನೊಂದು ಕೊಳವೆ ಇಡು. ಅದೂ ಬರದಿದ್ದರೆ ತಪ್ಪು ಕೈಯದಲ್ಲ, ದ್ರಾವಣದ್ದು.

ನಿಜವಾದ ತೊಡಕು ಬೇರೆಯೇ ಇತ್ತು. ನೀರು ಬಸಿದ ಜೌಗು ಒಂದು, ಬಸಿಯದ್ದು ಎರಡು. ಒಂದೇ ನೆಲದ ಹತ್ತು ಮಾದರಿ ಹತ್ತು ನೆಲಗಳಾಗವು, ಹಾಗಾಗಿ ಲೆಕ್ಕಕ್ಕೆ ಸಿಗುವುದು 30 ಅಲ್ಲ, 3. “ನೀರು ಬಸಿಯುವುದರ ಪರಿಣಾಮ” ಎಂಬ ಪ್ರಬಂಧದ ಶೀರ್ಷಿಕೆ ಇದರ ಮೇಲೆ ನಿಲ್ಲದು. ಮಾದರಿ ತೆಗೆಯುವ ಋತುವೂ ಮುಗಿದಿತ್ತು. ಮೂರು ನೆಲಗಳ ನಡುವಿನ ವ್ಯತ್ಯಾಸದ ವಿವರಣೆ ಎಂದು ಬದಲಿಸಿಕೊಂಡರೆ ಇದ್ದ ಮಾದರಿಗಳೇ ಸಾಕು.

ಗೈಡ್‌ಗೆ ಅರ್ಧ ಪುಟ ಬರೆಯಲು ಹೇಳಲಾಯಿತು: ಏನಾಗಿದೆ, ಎಲ್ಲಿ ನಿಂತಿದೆ, ಜೆಲ್ ಚಿತ್ರ, ಮುಂದಿನ ಎರಡು ದಾರಿ. ಕ್ಷಮೆಗೆ ಒಂದೇ ಸಾಲು. ಆಕೆಯ ಮೊದಲ ಕರಡಿನಲ್ಲಿ ಅದೇ ಒಂದೂವರೆ ಪುಟವಿತ್ತು.

30 ಕ್ರೆಡಿಟ್‌ನ ಪ್ರಬಂಧಕ್ಕೆ 750ರಿಂದ 900 ಗಂಟೆ ಬೇಕು, ವಾರಕ್ಕೆ 40 ಗಂಟೆಯಂತೆ ಕನಿಷ್ಠ 19 ವಾರ. ಅರ್ಧ ಕೆಲಸವೂ ಆಗಿರಲಿಲ್ಲ, ಉಳಿದದ್ದು ಎಂಟೇ ವಾರ. ಅವಧಿ ವಿಸ್ತರಣೆ ಕೇಳಲೇಬೇಕಿತ್ತು. ಆದರೆ ರಜೆ ಅಥವಾ ವಿಸ್ತರಣೆಯ ಅರ್ಜಿಗೆ ಸಹಿ ಹಾಕುವ ಮುನ್ನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಬೇಕು: ವಾಸದ ಪರವಾನಗಿ, ವಿಮೆ, ವಿದ್ಯಾರ್ಥಿವೇತನಗಳು ದಾಖಲಾತಿಗೆ ಅಂಟಿಕೊಂಡಿರುತ್ತವೆ.

ಹತ್ತು ಪಟ್ಟು ತೆಳುಮಾಡಿದಾಗ 26 ಮಾದರಿಗಳು ಬ್ಯಾಂಡ್ ಕೊಟ್ಟವು. ಗೈಡ್ ಉತ್ತರ ಅದೇ ಸಂಜೆ ಬಂತು, ಒಂದೇ ಸಾಲು: ಉಳಿದ ನಾಲ್ಕಕ್ಕೆ ಬೇಕಾದ ಶುದ್ಧೀಕರಣ ಕಾಲಮ್‌ಗಳು ಮೂರನೆಯ ಕಪಾಟಿನಲ್ಲಿವೆ.