ಸಂಸತ್ತಿನ ಚರ್ಚೆಗಳಲ್ಲಿ ‘ಹಿಂದುಳಿದ’ ಎಂಬ ಪದದ ಲೆಕ್ಕ

ನೀವು ಕೇಳಿದ್ದು ಇಷ್ಟು: ಲೋಕಸಭೆಯ ಚರ್ಚೆಗಳಲ್ಲಿ ‘ಹಿಂದುಳಿದ’ ಎಂಬ ಪದ ಎಷ್ಟು ಸಲ ಬರುತ್ತದೆ ಎಂದು ಎಣಿಸಿದರೆ, ಕಲಬುರಗಿ, ಬೀದರ್, ಯಾದಗಿರಿಯಂಥ ಜಿಲ್ಲೆಗಳ ಬಗ್ಗೆ ಸದನಕ್ಕೆ ಎಷ್ಟು ಕಾಳಜಿ ಇದೆ ಅಂತ ಗೊತ್ತಾಗುತ್ತದಾ? ಬರೀ ಸಂಖ್ಯೆಯಿಂದ ಗೊತ್ತಾಗುವುದಿಲ್ಲ. ನಾನು ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಈ ವಿಷಯ ನನಗೆ ತೀರಾ ಹತ್ತಿರದ್ದು, ಸ್ವಲ್ಪ ಉದ್ದವಾದರೂ ಓದಿ.

ಎಣಿಸಲು ದಾರಿ ಇದೆ. ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಚರ್ಚೆಗಳು ಉಚಿತವಾಗಿ ಸಿಗುತ್ತವೆ. ಹಳೆಯ ಸಂಪುಟಗಳು ಸ್ಕ್ಯಾನ್ ಮಾಡಿದ ಪುಟಗಳು. ಅಕ್ಷರ ಮಸುಕಾದ ಕಡೆ ಹುಡುಕಿದ ಪದ ತಪ್ಪಿಹೋಗುತ್ತದೆ. ಇಂಗ್ಲಿಷಿನ ‘ಬ್ಯಾಕ್‌ವರ್ಡ್’ ಒಂದನ್ನೇ ಹುಡುಕಿದರೆ, ಹಿಂದಿಯಲ್ಲಿ ‘ಪಿಛಡಾ’ ಎಂದವರ ಭಾಷಣಗಳೆಲ್ಲ ಬಿಟ್ಟುಹೋಗುತ್ತವೆ. ಇನ್ನೊಂದು, ಮೊದಲ ಲೋಕಸಭೆ 677 ದಿನ ಕಲಾಪ ನಡೆಸಿತ್ತು, 17ನೇ ಲೋಕಸಭೆ 274 ದಿನ. ದಿನ ಹೆಚ್ಚಿದಷ್ಟೂ ಮಾತು ಹೆಚ್ಚು. ಹಾಗಾಗಿ ಒಟ್ಟು ಎಣಿಕೆ ಬಿಟ್ಟು, ಲಕ್ಷ ಪದಗಳಿಗೆ ಎಷ್ಟು ಸಲ ಎಂದು ನೋಡಬೇಕು.

ದೊಡ್ಡ ತೊಡಕು ಅರ್ಥದ್ದು. ಸದನದಲ್ಲಿ ‘ಹಿಂದುಳಿದ’ ಎಂದಾಗ ಬಹುಪಾಲು ಮಾತು ಜಾತಿ, ಸಮುದಾಯಗಳದ್ದು. 1948ರ ನವೆಂಬರ್ 30ರಂದು ಸಂವಿಧಾನ ಸಭೆಯಲ್ಲಿ ಈ ಪದದ ಮೇಲೆಯೇ ವಾದ ನಡೆಯಿತು. ಯಾರನ್ನು ಹಿಂದುಳಿದವರು ಎನ್ನಬೇಕು ಎಂದು ಸದಸ್ಯರು ಕೇಳಿದರು. ಸರ್ಕಾರ ಯಾವ ಸಮುದಾಯವನ್ನು ಹಿಂದುಳಿದದ್ದು ಎಂದು ಭಾವಿಸುತ್ತದೋ ಅದೇ ಹಿಂದುಳಿದ ಸಮುದಾಯ ಎಂದು ಅಂಬೇಡ್ಕರ್ ಉತ್ತರ ಕೊಟ್ಟರು. ಆ ಉತ್ತರದಲ್ಲಿ ಪ್ರದೇಶದ ಮಾತಿಲ್ಲ. 2018ರಲ್ಲಿ ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗಕ್ಕೆ ಸಂವಿಧಾನದ ಸ್ಥಾನ ಕೊಡುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಅಂಥ ದಿನಗಳಲ್ಲಿ ಆಯೋಗದ ಹೆಸರು ಹೇಳಿದಷ್ಟು ಸಲವೂ ನಿಮ್ಮ ಲೆಕ್ಕ ಏರುತ್ತದೆ. ನಮ್ಮ ಕಡೆಯ ತಾಲ್ಲೂಕುಗಳಾದ ಔರಾದಿಗೂ ಚಿಂಚೋಳಿಗೂ ಅದರಲ್ಲಿ ಏನೂ ಇರುವುದಿಲ್ಲ.

ಪ್ರದೇಶದ ಅರ್ಥದಲ್ಲಿ ನಮ್ಮ ಕಡೆ ಈ ಪದಕ್ಕೆ ತೂಕ ಬಂದದ್ದು ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿಯಿಂದ. 2002ರ ವರದಿ ಅದು. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ! ಇದು ಸುಮ್ನೆ ಭಾಷಣದ ಮಾತಾಗಿರಲಿಲ್ಲ. ಸಾಕ್ಷರತೆ, ರಸ್ತೆ, ನೀರಾವರಿ, ಆಸ್ಪತ್ರೆಯಂಥ ಹಲವು ಅಳತೆ ಹಿಡಿದು ಹೇಳಿದ್ದು. ಈ ಭಾಗದ ಹೋರಾಟಗಾರ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದ್ದೂ ಇದೇ ಕೊರತೆಗಾಗಿ. ಕೊನೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಲು ಒಪ್ಪಿತು.

ಆ ವಿಧಿಯನ್ನು ಒಮ್ಮೆ ಪೂರ್ತಿ ಓದಿ. ‘ಹಿಂದುಳಿದ’ ಎಂಬ ಪದವೇ ಅದರಲ್ಲಿ ಇಲ್ಲ. ಹೈದರಾಬಾದ್ ಕರ್ನಾಟಕಕ್ಕೆ, ಅಂದರೆ ನಮ್ಮ ಈ ಭಾಗಕ್ಕೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ಉದ್ಯೋಗದಲ್ಲಿ, ಶಿಕ್ಷಣದಲ್ಲಿ ನ್ಯಾಯವಾದ ಅವಕಾಶ, ಇಷ್ಟು ಇದೆ. ಇಲ್ಲಿನ ಎಷ್ಟೋ ಮಕ್ಕಳಿಗೆ ಮೆಡಿಕಲ್ ಸೀಟು, ಸರ್ಕಾರಿ ಕೆಲಸ ಸಿಕ್ಕಿದ್ದು ಈ ಸಾಲುಗಳಿಂದ. ಪದವನ್ನು ಮಾತ್ರ ಹುಡುಕುವವರ ಲೆಕ್ಕದಲ್ಲಿ ನಮಗೆ ಇಷ್ಟೊಂದು ಕೊಟ್ಟ ವಿಧಿ ಸೊನ್ನೆ ಅಂತ ಬರುತ್ತದೆ. ಆದ್ದರಿಂದಲೇ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಅಂತ ಕೇಳಿಕೊಳ್ಳುತ್ತೇನೆ.

ಪದ ಬಂದ ಪ್ರತಿ ವಾಕ್ಯವನ್ನೂ ಓದಿ, ಸಮುದಾಯದ್ದು ಬೇರೆ, ಪ್ರದೇಶದ್ದು ಬೇರೆ ಮಾಡಿ. ಪ್ರದೇಶದ್ದರಲ್ಲಿ ರೈಲು, ನೀರು, ಹುದ್ದೆ ಅಂತ ಒಂದು ನಿರ್ದಿಷ್ಟ ಬೇಡಿಕೆ ಜೊತೆಗೆ ಇದೆಯಾ ನೋಡಿ. ‘ಹೈದರಾಬಾದ್ ಕರ್ನಾಟಕ’ವನ್ನೂ, 2019ರ ನಂತರ ಅದಕ್ಕೇ ಬಂದ ಹೊಸ ಹೆಸರು ‘ಕಲ್ಯಾಣ ಕರ್ನಾಟಕ’ವನ್ನೂ ಹುಡುಕಿ. ಸಂಸತ್ತಿಗೇ ನಿಲ್ಲಬೇಡಿ. ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು ಎಂದು 371ಜೆಯೇ ಹೇಳುತ್ತದೆ. ಆ ವರದಿ ಮಂಡನೆಯಾದ ಮೇಲೆ ಎಷ್ಟು ಹೊತ್ತು ಚರ್ಚೆಯಾಯಿತು, ಯಾರು ಮಾತಾಡಿದರು ಎಂದು ವರ್ಷವಾರು ಪಟ್ಟಿ ಮಾಡಿ. ನನ್ನ ಪ್ರಕಾರ ಕಾಳಜಿ ಅಳೆಯಲು ಇದಕ್ಕಿಂತ ಗಟ್ಟಿ ಲೆಕ್ಕ ಇಲ್ಲ.

ಎಲ್ಲಿಂದ ಶುರು ಮಾಡಲಿ ಎಂದರೆ, 2012ರ ಡಿಸೆಂಬರಿನ ಚರ್ಚೆಯಿಂದಲೇ ಮಾಡಿ. ಆಗ ಗೃಹ ಸಚಿವರು ಪಕ್ಕದ ಸೊಲ್ಲಾಪುರದ ಸುಶೀಲ್ ಕುಮಾರ್ ಶಿಂದೆ. ಕಲಬುರಗಿಯ ಸಂಸದರು ಮಲ್ಲಿಕಾರ್ಜುನ ಖರ್ಗೆ, ಬೀದರಿನವರು ಧರ್ಮಸಿಂಗ್. ಒಂದೇ ಕಡತ, ಕೂತು ಪೂರ್ತಿ ಓದಿ. ಎಣಿಕೆ ಆಮೇಲೆ ಇದ್ದೇ ಇದೆ.