ಐಡಿಯಾ ಚೆನ್ನಾಗಿದೆಯೋ ಇಲ್ಲವೋ, ಅದು ಕೆಟ್ಟ ದಿನ ಗೊತ್ತಾಗುತ್ತದೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಡಿಸೈನ್ ಓದುತ್ತಿದ್ದೀರಿ, ಇದು ಕೊನೆಯ ವರ್ಷ. ಕೈಯಲ್ಲಿ ದುಡ್ಡಿಲ್ಲದವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಒಂದು ವಸ್ತು ಮಾಡಿ, ಅದನ್ನೇ ನೆಚ್ಚಿಕೊಂಡು ಸಾಮಾಜಿಕ ಉದ್ಯಮ, ಅಂದರೆ ಲಾಭಕ್ಕಿಂತ ಜನರ ಉಪಯೋಗವನ್ನೇ ಮುಂದಿಟ್ಟುಕೊಂಡ ಉದ್ಯಮ, ಶುರು ಮಾಡುವ ಆಸೆ ಇದೆ. ಮಾದರಿ ಸಿದ್ಧವಾಗಿದೆ, ನೋಡಿದವರೆಲ್ಲ ಮೆಚ್ಚಿದ್ದಾರೆ. ಐಡಿಯಾ ನಿಜವಾಗಿ ಚೆನ್ನಾಗಿದೆ ಅಂತ ತಿಳಿಯುವುದು ಹೇಗೆ?

ನೋಡಿದವರು ಮೆಚ್ಚಿದ್ದನ್ನು ಸ್ವಲ್ಪ ಪಕ್ಕಕ್ಕಿಡಿ. ನನ್ನದನ್ನೂ ಎಲ್ಲರೂ ಮೆಚ್ಚಿದ್ದರು.

ಕೆಲವು ವರ್ಷಗಳ ಹಿಂದೆ ನಾವು ಮೂವರು ಸೇರಿ ಶಾಲೆಗಳಿಗೆ ಅಂತ ಕೈ ತೊಳೆಯುವ ಸ್ಟ್ಯಾಂಡ್ ಮಾಡಿದೆವು. ಕಾಲಲ್ಲಿ ಪೆಡಲ್ ಒತ್ತಿದರೆ ನೀರು, ಕಾಲು ತೆಗೆದರೆ ಬಂದ್. ನೀರು ಪೋಲಾಗುವುದಿಲ್ಲ, ನಲ್ಲಿ ಮುಟ್ಟಬೇಕಾಗಿಲ್ಲ. ಹಳದಿ ಬಣ್ಣ ಬೇರೆ. ಒಂದು ಸ್ಪರ್ಧೆಯಲ್ಲಿ ಬಹುಮಾನವೂ ಬಂತು. ಮೂರು ತಿಂಗಳು ಬಿಟ್ಟು ಒಂದು ಶಾಲೆಗೆ ಹೋದರೆ, ಸ್ಟ್ಯಾಂಡಿನ ಪಕ್ಕದಲ್ಲಿ ಒಂದು ಬಕೆಟ್ಟು, ಒಂದು ಮಗ್ಗು. ಮಕ್ಕಳು ಅದರಲ್ಲೇ ಕೈ ತೊಳೆಯುತ್ತಿದ್ದರು. ಸ್ಟ್ಯಾಂಡಿನ ಮೇಲೆ ನೆಲ ಒರೆಸುವ ಬಟ್ಟೆ ಒಣಗುತ್ತಿತ್ತು. ಪೆಡಲಿನ ಸ್ಪ್ರಿಂಗ್ ತುಂಡಾಗಿತ್ತು. ಆ ಸ್ಪ್ರಿಂಗ್ ನಾವು ಅಳತೆ ಕೊಟ್ಟು ಮಾಡಿಸಿದ್ದು, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅಲ್ಲಿನ ಆಯಾ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಯಾರಿಗೆ ಹೇಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ ಸರ್." ನಿಜ. ದುಡ್ಡು ಕೊಟ್ಟವರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದೆವು. ಫೋನ್ ನಂಬರ್ ಎಲ್ಲೂ ಇರಲಿಲ್ಲ.

ಅವತ್ತಿನಿಂದ ಯಾರು ಏನೇ ಮಾದರಿ ತೋರಿಸಿದರೂ ನಾನು ಮೊದಲು ಕೇಳುವುದು ಇದನ್ನೇ: ಇದು ಕೆಟ್ಟ ದಿನ ಏನಾಗುತ್ತದೆ? ಯಾರು ಬಿಚ್ಚುತ್ತಾರೆ, ಬಿಡಿಭಾಗ ಎಲ್ಲಿಂದ ತರುತ್ತಾರೆ, ದುಡ್ಡು ಯಾರ ಜೇಬಿನಿಂದ ಬರುತ್ತದೆ? ಈ ಪ್ರಶ್ನೆ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಎರಡು ಪಂಪುಗಳ ಕಥೆ ಕೇಳಬೇಕು.

ಮೊದಲನೆಯದು ದಕ್ಷಿಣ ಆಫ್ರಿಕಾದ 'ಪ್ಲೇಪಂಪ್'. ಮಕ್ಕಳು ಕೂತು ಗಿರಗಿರನೆ ತಿರುಗುವ ಆಟದ ಚಕ್ರವನ್ನು ಕೊಳವೆಬಾವಿಗೆ ಜೋಡಿಸಿದ್ದರು. ಮಕ್ಕಳು ಆಡುತ್ತಾರೆ, ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಸುತ್ತ ಜಾಹೀರಾತು ಫಲಕ, ಅದರಿಂದ ಬರುವ ಬಾಡಿಗೆಯಲ್ಲಿ ರಿಪೇರಿ. ಕೇಳಿದರೆ ಯಾರಿಗಾದರೂ ಖುಷಿಯಾಗುತ್ತದೆ ಅಲ್ವಾ? 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಬಂತು. 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ಖಾಸಗಿ ದಾನಿಗಳು ಸೇರಿ 1.64 ಕೋಟಿ ಡಾಲರ್ ಘೋಷಿಸಿದರು. 4,000 ಪಂಪು, 1 ಕೋಟಿ ಜನಕ್ಕೆ ನೀರು, ಇದು ಗುರಿ.

ಈಗ ಒಂದು ಪೆನ್ನು ತಗೊಳ್ಳಿ. 1 ಕೋಟಿ ಜನಕ್ಕೆ 4,000 ಪಂಪು ಅಂದರೆ ಪಂಪಿಗೆ 2,500 ಜನ. ತಲೆಗೆ ದಿನಕ್ಕೆ ಬರೀ 15 ಲೀಟರ್ ಅಂದರೂ 37,500 ಲೀಟರ್ ಬೇಕು. ಪಂಪು ಎತ್ತುವುದು ಗಂಟೆಗೆ ಹೆಚ್ಚೆಂದರೆ 1,400 ಲೀಟರ್. ಭಾಗಿಸಿ ನೋಡಿ. ಮಕ್ಕಳು ದಿನಕ್ಕೆ ಸುಮಾರು 27 ಗಂಟೆ ಆಡಬೇಕು! 2009ರಲ್ಲಿ ಗಾರ್ಡಿಯನ್ ಪತ್ರಿಕೆ ಈ ಲೆಕ್ಕವನ್ನು ಅಚ್ಚು ಹಾಕುವ ಹೊತ್ತಿಗೆ ಊರುಗಳಲ್ಲಿ ಬೇರೆಯೇ ನಡೆದಿತ್ತು. ಮಕ್ಕಳು ಇಲ್ಲದ ಹೊತ್ತಲ್ಲಿ ಹೆಂಗಸರು ಬಗ್ಗಿ ಆ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಜಾಹೀರಾತು ಕೊಡುವವರು ಹಳ್ಳಿಯ ಮೂಲೆಗೆ ಯಾಕೆ ಬರುತ್ತಾರೆ? ಕೆಟ್ಟರೆ ಊರವರ ಕೈಯಲ್ಲಿ ರಿಪೇರಿ ಆಗುವಂಥದ್ದಲ್ಲ, ತಿಂಗಳುಗಟ್ಟಲೆ ಕಾಯಬೇಕಿತ್ತು. ಕೆಲವು ಕಡೆ ಸರಿಯಾಗಿದ್ದ ಹಳೆಯ ಕೈಪಂಪನ್ನು ಕಿತ್ತು ಇದನ್ನು ಕೂರಿಸಿದ್ದರು. ಅದು ನನಗೆ ಜಾಸ್ತಿ ಬೇಜಾರು ತರುವ ಸಂಗತಿ. ದೊಡ್ಡ ದಾನಿಗಳಲ್ಲಿ ಒಬ್ಬರಾದ ಜೀನ್ ಕೇಸ್ 2010ರಲ್ಲಿ ಈ ಸೋಲನ್ನು ಬಹಿರಂಗವಾಗಿ ಬರೆದು ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳುವವರು ಕಡಿಮೆ.

ಎರಡನೆಯದು ಇಂಡಿಯಾ ಮಾರ್ಕ್ 2. ಹೆಸರು ಕೇಳದಿದ್ದರೂ ನೀವು ನೋಡಿರುತ್ತೀರಿ. ಉದ್ದ ಹಿಡಿಯ ಆ ಕಬ್ಬಿಣದ ಬೋರಿಂಗ್ ಪಂಪೇ ಅದು. 1967ರ ಬರದ ಸಮಯದಲ್ಲಿ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತಂದಿತು. ಬಾವಿಗಳೇನೋ ಆದವು. ಮೇಲೆ ಕೂರಿಸಿದ್ದು ಮಾತ್ರ ಬೀಡುಕಬ್ಬಿಣದ ಪಂಪು, ಒಂದು ಮನೆಯವರು ಬಳಸಲಿ ಅಂತ ಮಾಡಿದ್ದು. ಇಡೀ ಊರೇ ಬೆಳಗಿನಿಂದ ಸಂಜೆವರೆಗೆ ಒತ್ತಿದರೆ ಅದು ಎಷ್ಟು ದಿನ ತಡೆದೀತು? 70ರ ದಶಕದ ನಡುವಿಗೆ ಬರುವಾಗ ಹೆಚ್ಚಿನ ಪಂಪುಗಳು ಕೆಟ್ಟು ನಿಂತಿದ್ದವು.

ಪರಿಹಾರದ ಬೀಜ ಸಿಕ್ಕಿದ್ದು ಸೊಲ್ಲಾಪುರದಲ್ಲಿ ಆಗಲೇ ಓಡುತ್ತಿದ್ದ ಒಂದು ಪಂಪಿನಲ್ಲಿ. ಅದರಲ್ಲಿ ಹಿಡಿಗೂ ಒಳಗಿನ ಸರಳಿಗೂ ನಡುವೆ ಒಂದು ಚೈನು ಇತ್ತು. ಮಾಮೂಲಿ ಪಂಪಿನಲ್ಲಿ ಹಿಡಿ ಒತ್ತಿದಾಗ ಸರಳು ಅಕ್ಕಪಕ್ಕ ವಾಲುತ್ತದೆ, ಸವೆಯುತ್ತದೆ. ಚೈನು ಇದ್ದರೆ ಸರಳು ನೆಟ್ಟಗೆ ಮೇಲಕ್ಕೇ ಬರುತ್ತದೆ. ಇಷ್ಟು ಸಣ್ಣ ವಿಷಯ. ಯುನಿಸೆಫ್, ಸರ್ಕಾರ ಮತ್ತು ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ಸೇರಿ ಅದನ್ನು ತಿದ್ದಿದರು. ಕೊಯಮತ್ತೂರಿನ ಸುತ್ತ, ಜನ ಬಳಸುವ ಬಾವಿಗಳ ಮೇಲೆಯೇ ಕೂರಿಸಿ ಪರೀಕ್ಷೆ ಮಾಡಿದರು. ಆಮೇಲೆ ಮಾಡಿದ್ದು ಇನ್ನೂ ಜಾಣತನದ ಕೆಲಸ: ಪೇಟೆಂಟ್ ತಗೊಳ್ಳಲಿಲ್ಲ. ಅಳತೆಗಳನ್ನು ಐಎಸ್‌ಐ ಗುಣಮಟ್ಟವಾಗಿ ಎಲ್ಲರಿಗೂ ಬಿಟ್ಟುಕೊಟ್ಟರು. ಹತ್ತಾರು ಕಾರ್ಖಾನೆಗಳು ಅದನ್ನೇ ಮಾಡತೊಡಗಿದವು. ಒಂದರ ವಾಶರ್ ಇನ್ನೊಂದಕ್ಕೆ ಕೂರುತ್ತಿತ್ತು.

ಇದರಲ್ಲೂ ಒಂದು ಕೊರತೆ ಇತ್ತು. ವಾಶರ್ ಬದಲಿಸಬೇಕಾದರೆ ಬಾವಿಯೊಳಗಿನ ಪೈಪನ್ನು ಪೂರ್ತಿ ಎತ್ತಬೇಕು. ಅದಕ್ಕೆ ಗಾಡಿ, ಮೆಕ್ಯಾನಿಕ್, ನಾಲ್ಕು ಆಳು. ಆದ್ದರಿಂದ ಮಾರ್ಕ್ 3 ಬಂತು. ಪೈಪು ಅಗಲ ಮಾಡಿದರು, ವಾಶರ್ ಕೂತಿರುವ ಪಿಸ್ಟನ್ನನ್ನು ಪೈಪಿನ ಒಳಗಿಂದಲೇ ಮೇಲಕ್ಕೆಳೆಯಬಹುದು. ಗಮನಿಸಿ, ನೀರು ಎತ್ತುವುದರಲ್ಲಿ ಹೊಸದೇನಿಲ್ಲ. ಕೆಟ್ಟಾಗ ಬಿಚ್ಚುವುದಕ್ಕೋಸ್ಕರವೇ ಹೊಸ ಡಿಸೈನ್! ನಿಮ್ಮ ಕಾಲೇಜಿನಲ್ಲಿ ಇದಕ್ಕೆ ಯಾರೂ ಚಪ್ಪಾಳೆ ತಟ್ಟಲಿಕ್ಕಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಟ್ರಸ್ಟ್ ಮಾಡಲೋ ಕಂಪನಿ ಮಾಡಲೋ ಅಂತಲೂ ಕೇಳಿದ್ದೀರಿ. ಅದು ಆಮೇಲಿನ ಮಾತು, ಒಬ್ಬ ಒಳ್ಳೆ ಲೆಕ್ಕಪರಿಶೋಧಕರು ಹೇಳುತ್ತಾರೆ. ಮೊದಲು ತಿಳಿಯಬೇಕಾದ್ದು, ಬಳಸುವವರು ಮತ್ತು ದುಡ್ಡು ಕೊಡುವವರು ಬೇರೆ ಬೇರೆಯಾ ಅನ್ನುವುದು. ಬೇರೆಯಾಗಿದ್ದರೆ ಎಚ್ಚರ. ಯಾಕೆಂದರೆ ನಿಮಗೆ ಗೊತ್ತಿಲ್ಲದೆಯೇ ದಾನಿಯ ಕಣ್ಣಿಗೆ ಚೆಂದ ಕಾಣುವ ಹಾಗೆ ಡಿಸೈನ್ ಮಾಡತೊಡಗುತ್ತೀರಿ. ನಮ್ಮ ಹಳದಿ ಬಣ್ಣ ಯಾರಿಗಾಗಿ ಇತ್ತು ಅಂತೀರಿ?

ಈ ಗಂಟನ್ನು ಚೆನ್ನಾಗಿ ಬಿಡಿಸಿದ್ದು ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಶುರು ಮಾಡಿದರು. ದುಡ್ಡಿದ್ದವರು ಕೊಡುವ ಶುಲ್ಕದಲ್ಲೇ ಇಲ್ಲದವರಿಗೂ ಚಿಕಿತ್ಸೆ ನಡೆಯುತ್ತದೆ. ಅದು ಸಾಧ್ಯವಾಗಿದ್ದು ಬರೀ ದೊಡ್ಡ ಮನಸ್ಸಿನಿಂದ ಅಲ್ಲ. ಸರ್ಜನ್ ಒಂದು ಮೇಜಿನ ಮೇಲೆ ಆಪರೇಷನ್ ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನ ಮೇಲೆ ಇನ್ನೊಬ್ಬ ರೋಗಿಯನ್ನು ಸಿದ್ಧ ಮಾಡಿರುತ್ತಾರೆ. ಡಾಕ್ಟರು ಸುಮ್ನೆ ಕಾಯುವ ಹೊತ್ತೇ ಇಲ್ಲ. ಕಣ್ಣೊಳಗೆ ಹಾಕುವ ಲೆನ್ಸ್ ಹೊರದೇಶದಿಂದ ತಂದರೆ ತೀರಾ ದುಬಾರಿಯಾಗಿತ್ತು. 1992ರಲ್ಲಿ ಅರೋಲ್ಯಾಬ್ ಅಂತ ಕಟ್ಟಿ ತಾವೇ ಮಾಡಿದರು, ಬೆಲೆ ನೆಲಕ್ಕಿಳಿಯಿತು. ಮೇಜು ಎಲ್ಲಿಡಬೇಕು ಅನ್ನುವುದೂ ಡಿಸೈನೇ.

ಹಾಗಾದರೆ ಈಗ ಏನು ಮಾಡಬೇಕು? ಮಾದರಿಯನ್ನು ಬಳಸುವವರ ಕೈಗೆ ಕೊಟ್ಟು, ವಿವರಿಸದೆ ವಾಪಸ್ ಬನ್ನಿ. ಒಂದು ತಿಂಗಳು ಬಿಟ್ಟು, ಹೇಳದೆ ಕೇಳದೆ ಹೋಗಿ ನೋಡಿ. "ಚೆನ್ನಾಗಿದೆಯಾ?" ಅಂತ ಮಾತ್ರ ಕೇಳಬೇಡಿ. ಮನೆಗೆ ಬಂದವರಿಗೆ ಚೆನ್ನಾಗಿಲ್ಲ ಅಂತ ಯಾರೂ ಹೇಳುವುದಿಲ್ಲ. ಎಲ್ಲಿ ದಾರ ಕಟ್ಟಿದ್ದಾರೆ, ಏನನ್ನು ಬಿಚ್ಚಿಟ್ಟಿದ್ದಾರೆ, ಎಲ್ಲಿ ಧೂಳು ಕೂತಿದೆ, ಅದನ್ನು ನೋಡಿ. ಆಮೇಲೆ ಒಂದು ಭಾಗವನ್ನು ಬೇಕಂತಲೇ ಕಿತ್ತು, ಹತ್ತಿರದ ಸೈಕಲ್ ಅಂಗಡಿಯವರಿಗೆ ಕೊಡಿ. ಅವರಿಗೆ ಸರಿಮಾಡಲು ಆಗದಿದ್ದರೆ ಡಿಸೈನ್ ಇನ್ನೂ ಮುಗಿದಿಲ್ಲ.

ನಮ್ಮ ಸ್ಟ್ಯಾಂಡಿನಲ್ಲಿ ಈಗ ಸ್ಪ್ರಿಂಗ್ ಇಲ್ಲ. ಹಳೆ ಸೈಕಲ್ ಟ್ಯೂಬಿನ ಪಟ್ಟಿ ಇದೆ. ಅದು ಆಯಾ ಕೊಟ್ಟ ಉಪಾಯ. ನೋಡಲು ಅಷ್ಟಕ್ಕಷ್ಟೇ, ಹರಿದರೆ ಅವರೇ ಇನ್ನೊಂದು ಕಟ್ಟಿಕೊಳ್ಳುತ್ತಾರೆ.

ನಿಮ್ಮ ವಸ್ತು ಯಾವುದು ಅಂತ ಪ್ರಶ್ನೆಯಲ್ಲಿ ಬರೆದಿಲ್ಲ. ಒಂದು ಫೋಟೋ ಹಾಕಿ, ಯಾವ ಭಾಗ ಮೊದಲು ಮುರಿಯಬಹುದು ಅಂತ ಕೂತು ನೋಡೋಣ.